ಕತ್ತಿಹಲ್ಲಿನವಳ ಡಾಕ್ಟರು

ಕಲ್ಲೋ, ಮೂಳೆಯೋ? ಕಲ್ಲಾದರೆ ಕೆಲಸ ಇವತ್ತಿಗೇ ಮುಗಿಯಿತು. ಇವಳು ಮೇಲಿನ ಸಭಾಂಗಣದ ಗಾಜಿನೊಳಗೆ ಹೋಗುತ್ತಾಳೆ, ಮತ್ತೆ ಮುಟ್ಟುವಂತಿಲ್ಲ. ಮೂಳೆಯಾದರೆ ಅದರ ಸುತ್ತ ಹುಷಾರಾಗಿ ಬಿಡಿಸಬೇಕು, ಇನ್ನೆರಡು ವಾರ ಈ ಮೇಜಿನ ಮೇಲೇ ಇರುತ್ತಾಳೆ. 'ಅನುಮಾನ ಇದೆ' ಎಂದುಬಿಟ್ಟರೂ ಸಾಕು, ಯಾರೂ ಮರುಪ್ರಶ್ನೆ ಹಾಕುವುದಿಲ್ಲ.

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ, ಮರಳುಚೀಲದ ದಿಂಬಿನ ಮೇಲೆ ಕತ್ತಿಹಲ್ಲಿನ ಬೆಕ್ಕಿನ ತಲೆಬುರುಡೆ ಮಲಗಿದೆ. ಈ ಬೇಟೆಗಾರ್ತಿಯ ಕುಲವೇ ಅಳಿದು ಸಾವಿರಾರು ವರ್ಷಗಳಾಗಿವೆ. ಅವಳನ್ನು ಬಂಡೆಯಿಂದ ಬಿಡಿಸಿದ ಹಿರಿಯರೊಬ್ಬರು ಎದುರಿಗೆ ಸೂಜಿ ಹಿಡಿದು ಕುಳಿತಿದ್ದಾರೆ. ಕೋರೆಹಲ್ಲಿನ ಬುಡದಲ್ಲಿ ಜೋಳದ ಕಾಳಿನಷ್ಟು ಗಂಟೊಂದು ಉಳಿದಿದೆ.

"ಏನ್ ಡಾಕ್ಟ್ರೇ, ಪೇಷಂಟ್ ಬಾಯಿ ಮುಚ್ಚಿದ್ಲಾ?" ಚಹಾ ಇಡುತ್ತ ಕಾವಲುಗಾರ ಕೆಣಕುತ್ತಾನೆ.

ಬುರುಡೆ ಹೆಣ್ಣಿನದೆಂದು ತೀರ್ಮಾನಿಸಿದವರೂ ಈ 'ಡಾಕ್ಟ್ರೇ'. "ಗಂಡಾಗಿದ್ರೆ ಮೂರು ವರ್ಷ ಇಷ್ಟು ತಾಳ್ಮೆಯಿಂದ ಬಾಯಿ ತೆರ್ಕೊಂಡು ಇರ್ತಿದ್ನಾ?"

ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದರು. ಜನ ಮೊಬೈಲಿನಲ್ಲೇ ಹೊತ್ತು ನೋಡತೊಡಗಿದ ಮೇಲೆ ಅಂಗಡಿ ಮುಚ್ಚಿತು. ಸಣ್ಣ ತಿರುಪುಗಳಿಗೆ ಪಳಗಿದ್ದ ಕೈಯೇ ಇಲ್ಲಿಗೆ ಕರೆತಂದಿತು. ದಿನವಿಡೀ ಕೂತರೆ ಬಿಡಿಸುವುದು ಉಗುರಗಲ. ಕಲ್ಲಿನ ಪುಡಿಗೆ ಕೆಮ್ಮು. ಸಂಜೆಗೆ ಕಣ್ಣೆಲ್ಲ ಮಂಜು.

ಮನೆಯಲ್ಲಿ ಹೆಂಡತಿಯದು ಒಂದೇ ಕೊಂಕು: "ನನ್ನ ಮುಖಾನ ಒಂದಿನ ಆದ್ರೂ ಇಷ್ಟು ಹೊತ್ತು ನೋಡಿದೀರಾ?"

"ನಿನ್ ಮುಖದ ಮೇಲೆ ಕಲ್ಲಿಲ್ವಲ್ಲೇ."

ಈಗ ಬುರುಡೆಯತ್ತ ಬಗ್ಗಿ ಗಂಟಿಗೆ ನಾಲಿಗೆಯ ತುದಿ ತಾಗಿಸುತ್ತಾರೆ. ಹಳೆಯ ಮೂಳೆಯಾದರೆ ಅದರ ಸೂಕ್ಷ್ಮ ರಂಧ್ರಗಳು ನಾಲಿಗೆಯನ್ನು ಹಿಡಿದುಕೊಳ್ಳುತ್ತವೆ, ಕಲ್ಲು ಬಿಟ್ಟುಬಿಡುತ್ತದೆ. ಇಷ್ಟು ದಿನವೂ ಅವಳು ಹೀಗೆಯೇ ಉತ್ತರ ಕೊಟ್ಟಿದ್ದಾಳೆ. ನಾಲಿಗೆ ಜಾರುತ್ತದೆ. ಕಣ್ಣು ಮುಚ್ಚಿ ಇನ್ನೊಮ್ಮೆ ತಾಗಿಸುತ್ತಾರೆ. ಮತ್ತೆ ಜಾರುತ್ತದೆ. ಕಿಟಕಿಯ ಸಂದಿಯಿಂದ ಇಳಿದ ಬೆಳಕಿನಲ್ಲಿ ಧೂಳು ತೇಲುತ್ತಿದೆ. ಬುರುಡೆ ಉಸಿರಾಡುತ್ತಿರುವಂತೆ ಕಾಣುತ್ತದೆ.

ಮುಖ್ಯಸ್ಥೆ ಮೆಟ್ಟಿಲಿಳಿದು ಬರುವಷ್ಟರಲ್ಲಿ ಸೂಜಿ ಕೆಳಗಿಟ್ಟಾಗಿದೆ.

"ಏನಾದ್ರೂ ಉಳಿದಿದ್ಯಾ?"

"ಒಂದು ಕಲ್ಲಿತ್ತು ಮೇಡಂ, ತೆಗೆದೆ. ಇನ್ನೇನೂ ಇಲ್ಲ, ಕರ್ಕೊಂಡ್ ಹೋಗಿ." ಸ್ವಲ್ಪ ತಡೆದು ಸೇರಿಸುತ್ತಾರೆ: "ದೀಪ ಮಾತ್ರ ಕಣ್ಣಿಗೆ ನೇರ ಬೀಳೋದು ಬೇಡ. ಕತ್ತಲೆಗೆ ಒಗ್ಗಿದೋಳು."

ಇಬ್ಬರು ಆಳುಗಳು ಅವಳನ್ನು ಪೆಟ್ಟಿಗೆಯಲ್ಲಿಟ್ಟು ಮೆಲ್ಲಗೆ ಎತ್ತುತ್ತಾರೆ. ಹೆಂಡತಿಯ ಮಂಡಿನೋವಿನಿಂದ ಹಿಡಿದು ಕಂಡ ಕನಸಿನವರೆಗೆ ದಿನಾ ಬೆಳಿಗ್ಗೆ ಅವಳಿಗೆ ಎಲ್ಲವನ್ನೂ ಹೇಳಿಕೊಂಡವರು, ಬಾಗಿಲವರೆಗೂ ಜೊತೆಗೆ ನಡೆಯುತ್ತಾರೆ. ತಿರುಗಿ ಬಂದು, ಮರಳುಚೀಲದಲ್ಲಿ ಅವಳು ಬಿಟ್ಟುಹೋದ ಗುಳಿಯನ್ನು ಅಂಗೈಯಿಂದ ಸವರುತ್ತಾರೆ.