ಮೂರು ಗುಂಡಿಗೊಮ್ಮೆ ಸಿಕ್ಕಿಕೊಳ್ಳುವ ಪಿಸ್ತೂಲು

ಫ್ರೆಂಡ್ಸ್, ಇವತ್ತು ನನ್ನಿಂದಾಗಿ ನಮ್ಮ ಯಜಮಾನರಿಗೆ ಮೈಸೂರು ಜಿಲ್ಲಾ ಶೂಟಿಂಗ್ ತಂಡದ ಆಯ್ಕೆ ತಪ್ಪಿಯೇ ಹೋಗುತ್ತಿತ್ತು! ಅಭ್ಯಾಸದಲ್ಲಿ ಅವರ ಪಾಯಿಂಟ್ ಟೂ ಟೂ ಪಿಸ್ತೂಲು ಮೂರು ಗುಂಡಿಗೊಮ್ಮೆ ಸಿಕ್ಕಿಕೊಳ್ಳುತ್ತಿತ್ತು. ಗುಂಡು ಬದಲಾಯಿಸಿದರು, ಮ್ಯಾಗಜಿನ್ ಬದಲಾಯಿಸಿದರು, ಊಹೂಂ. ಸ್ಪರ್ಧೆಗೆ ಹತ್ತೇ ನಿಮಿಷವಿದ್ದಾಗ ಕೋಚ್ ಅದನ್ನು ಬಿಚ್ಚಿ ಅಲ್ಲಾಡಿಸಿದರು. ಅಂಗೈಗೆ ಬಿತ್ತು, ಅರಿಶಿನ ಮೆತ್ತಿದ ಒಂದು ಅಕ್ಕಿಕಾಳು.

“ಏನ್ರೀ ಇದು?”

“ಅಕ್ಷತೆ ಸರ್,” ಎಂದೆ, ನೋಡಲು ಬಂದಿದ್ದ ನಾನು. “ಮೊನ್ನೆ ಆಯುಧಪೂಜೆ ನಾನೇ ಮಾಡ್ದೆ. ಮದ್ವೆ ಆದ್ಮೇಲೆ ಮೊದಲ್ನೇದಲ್ವಾ, ಸ್ವಲ್ಪ ಜಾಸ್ತೀನೇ ಹಾಕ್ಬುಟ್ಟೆ.”

“ಪಿಸ್ತೂಲಿನ ಒಳಕ್ಕೇ ಅಕ್ಷತೆ ಹಾಕ್ತಾರೇನಮ್ಮ?”

ರೇಗಿದ ಕೋಚ್ ಕಾಳನ್ನು ಎಸೆಯಲು ಕೈ ಎತ್ತಿದರು. ಆದರೆ ಅಕ್ಷತೆಯಲ್ಲವೇ? ಅತ್ತಿತ್ತ ನೋಡಿ ಮೆಲ್ಲಗೆ ತಮ್ಮ ತಲೆಯ ಮೇಲೇ ಹಾಕಿಕೊಂಡರು.

ಆಮೇಲೆ ಪಿಸ್ತೂಲು ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ. ನಮ್ಮವರು ಆಯ್ಕೆಯಾದರು! ನನ್ನ ಪೂಜೆಯ ಆಶೀರ್ವಾದ ಮಾತ್ರ ಕೋಚ್ ಪಾಲಾಯಿತು.