ರಾಡ್ ಗಾಡಿ, ಚೈನ್ ಗಾಡಿ

ಅಲ್ಲಾಬಕ್ಷ್ ಅವರೊಂದಿಗಿನ ಮೊದಲ ಮಾತುಕತೆಯನ್ನು ಗೊತ್ತುಮಾಡಿಕೊಟ್ಟವರು ಮಾಚೇನಹಳ್ಳಿಯಲ್ಲಿ ಲೇತ್ ಇಟ್ಟುಕೊಂಡಿರುವ ಮಲ್ಲೇಶ್. ಕಾರ್ಖಾನೆಗಳೊಳಗೆ ವ್ಯಾಗನ್ ಎಳೆಯುತ್ತಿದ್ದ ಸಣ್ಣ ಡೀಸೆಲ್ ಎಂಜಿನ್‌ಗಳ ಮಾದರಿಗಳನ್ನು ಗುರುತಿಸಿ ದಾಖಲಿಸುತ್ತಿದ್ದ ನನಗೆ ಅವನ್ನು ಓಡಿಸಿದವರು ಬೇಕಾಗಿದ್ದರು.

"ಫೋನ್ ಎತ್ತಲ್ಲ ಮೇಡಂ ಅವ್ರು. ಭಾನುವಾರ ಭದ್ರಾವತಿಗೆ ಹೋಗಿ. ಮುಚ್ಚಿದ ಫ್ಯಾಕ್ಟರಿ ಬೇಲಿ ಪಕ್ಕ ಕೂತಿರ್ತಾರೆ, ಒಳಗಿರೋ ಎಂಜಿನ್ ನೋಡ್ಕೊಂಡು," ಎಂದರು ಮಲ್ಲೇಶ್.

ಹಾಗೆಯೇ ಕೂತಿದ್ದರು. ಅರವತ್ತೊಂಬತ್ತರ ಪ್ರಾಯ, ಮನೆಯಲ್ಲಿ ಬೇರಾರೂ ಇಲ್ಲ. ಆ ಖಾಸಗಿ ಕಾರ್ಖಾನೆಯಲ್ಲಿ ಅವರು ವ್ಯಾಗನ್‌ಗಳನ್ನು ಅತ್ತಿತ್ತ ಸಾಗಿಸುವ ಶಂಟಿಂಗ್ ಎಂಜಿನ್‌ನ ಚಾಲಕರಾಗಿದ್ದರು. ಗೇಟಿನಿಂದ ಕುಲುಮೆಗೆ, ಕುಲುಮೆಯಿಂದ ಗೇಟಿಗೆ, ಕ್ಯಾಬಿನಲ್ಲಿ ಒಬ್ಬರೇ. ಆಯುಷ್ಯದ ಬಹುಪಾಲು ಅಷ್ಟೇ ದೂರದಲ್ಲಿ ಕಳೆದಿತ್ತು.

ಅಲ್ಲಿ ಎರಡು ಎಂಜಿನ್‌ಗಳಿದ್ದವು. ಬಾನೆಟ್, ಕ್ಯಾಬ್, ಹಳದಿ ಬಣ್ಣ ಎಲ್ಲವೂ ಒಂದೇ. ವ್ಯತ್ಯಾಸ ಕೆಳಗಿತ್ತು: ಒಂದರ ಚಕ್ರಗಳನ್ನು ಹೊರಬದಿಯ ಉಕ್ಕಿನ ರಾಡ್ ಜೋಡಿಸುತ್ತಿತ್ತು, ಇನ್ನೊಂದರ ಚಕ್ರಗಳನ್ನು ಕಣ್ಣಿಗೆ ಕಾಣದ ಒಳಗಿನ ಚೈನು ತಿರುಗಿಸುತ್ತಿತ್ತು. ಕೆಲಸಗಾರರ ಬಾಯಲ್ಲಿ ಅವು ರಾಡ್ ಗಾಡಿ, ಚೈನ್ ಗಾಡಿ. ಬೇಲಿಯೊಳಗೆ ಉಳಿದಿದ್ದದ್ದು ಚೈನ್ ಗಾಡಿ.

"ನನ್ನ ಹೆಂಡ್ತಿ ಖಾಜಾಬೀ ಒಳಗೆ ಬಂದಿದ್ದು ಒಂದೇ ಸಲ, ಆಯುಧಪೂಜೆಗೆ. 'ದಿನಾ ಇದರ ಜೊತೆನೇ ಇರ್ತೀರಲ್ಲ, ನನ್ನ ಸವತಿನ ಸರಿಯಾಗಿ ನೋಡ್ಬೇಕು' ಅಂದ್ಳು. ಮೇಲೆ ಕೈ ಇಟ್ಕೊಂಡು ಫೋಟೊ ತೆಗಿಸ್ಕೊಂಡ್ಳು. ಅವಳು ಹೋಗಿ ಆರು ವರ್ಷ ಆಯ್ತು. ಅವಳು ಮುಟ್ಟಿದ್ದು ಇದಾದ್ರೂ ಉಳಿದಿದೆಯಲ್ಲ ಅಂತ ಬರ್ತೀನಿ," ಎಂದರು ಅಲ್ಲಾಬಕ್ಷ್.

ಎರಡನೆಯ ಭೇಟಿ ಅವರ ಮನೆಯಲ್ಲಿ. ಗೋಡೆಯ ಮೇಲೆ ಆ ಫೋಟೊ ಇತ್ತು. ಬಾನೆಟ್ಟಿಗೆ ವಿಭೂತಿ ಬಳಿದಿದ್ದರು. ಚೆಂಡುಹೂವಿನ ಹಾರ ನಂಬರಿನ ಫಲಕವನ್ನು ಪೂರ್ತಿ ಮುಚ್ಚಿತ್ತು. ಚಿತ್ರದ ಕೆಳಅಂಚು ಚೌಕಟ್ಟಿನ ರಟ್ಟಿನಡಿ ಸೇರಿಹೋಗಿತ್ತು. ಪ್ರತಿ ತೆಗೆಯಲು ಅನುಮತಿ ಕೇಳಿದಾಗ ಅವರೇ ಹಿಂಬದಿಯ ಮೊಳೆ ಕಿತ್ತು ಫೋಟೊ ಹೊರತೆಗೆದರು.

ಚಕ್ರಗಳು ಕಂಡವು. ಅವುಗಳ ನಡುವೆ ರಾಡ್ ಇತ್ತು.

ಅವರು ಅದರ ಮೇಲೆ ಬೆರಳಿಟ್ಟು ಒಂದು ಚಕ್ರದಿಂದ ಇನ್ನೊಂದಕ್ಕೆ ಎಳೆದರು. ನನ್ನ ದಾಖಲೆಯಲ್ಲಿ ಮಾದರಿಯ ಅಂಕಣವನ್ನು ಖಾಲಿ ಬಿಡಬಹುದು ಎಂದೆ.

"ಯಾಕೆ ಬಿಡ್ತೀರಿ? ಅದನ್ನ ಕೇಳೋಕೆ ತಾನೆ ಬಂದಿದ್ದು. ರಾಡ್ ಗಾಡಿ ಅಂತ ಬರ್ಕೊಳ್ಳಿ."

ಫೋಟೊವನ್ನು ನನ್ನ ಕೈಗಿತ್ತು ಹೇಳಿದರು: "ಅದನ್ನ ಗುಜರಿಯವರ ಕಟಿಂಗ್‌ಗೆ ತಳ್ಕೊಂಡು ಹೋಗಿದ್ದು ನಾನೇ, ಚೈನ್ ಗಾಡಿಲಿ. ಸಂಜೆ ಮನೇಲಿ, 'ನಿನ್ನ ಸವತಿ ಅಲ್ಲ ಕಣೇ, ಅವಳ ತಂಗಿ ಹೋದ್ಳು' ಅಂದಿದ್ದೆ. ನಕ್ಕಿದ್ಳು."

ಮುಂದಿನ ಭಾನುವಾರ ಬೇಲಿಯ ಬಳಿ ಅವರಿರಲಿಲ್ಲ. ಅದರ ಮುಂದಿನ ಭಾನುವಾರವೂ ಇರಲಿಲ್ಲ.

ಅವರ ಮಾತಿನಂತೆ ದಾಖಲೆಯಲ್ಲಿ ಬರೆದುಕೊಂಡಿದ್ದೇನೆ: ಚಿತ್ರದಲ್ಲಿರುವವರು ಖಾಜಾಬೀ, ಎಂಜಿನ್ ರಾಡ್ ಜೋಡಣೆಯ ಮಾದರಿ, ಕತ್ತರಿಸಿದ್ದು ೨೦೧೨ರ ಜೂನ್ ೧೯, ಮಂಗಳವಾರ.