ಬಸಿದ ನೀರು

ನನ್ನ ಮಾವ ಮೂವತ್ತೆಂಟು ವರ್ಷ ಮಾರ್ಕೆಟ್ಟಿನ ಮೂಲೆಯಂಗಡಿಯಲ್ಲಿ ತರಕಾರಿ ಮಾರಿದವರು. ತುದಿ ಮುರಿದಾಗ ‘ಟಕ್’ ಅನ್ನದ ಬೆಂಡೆಕಾಯಿಯನ್ನು ಗಿರಾಕಿಗೆ ಕೊಟ್ಟವರಲ್ಲ. ಅಲ್ಲಿಯವರು ಅವರನ್ನು ‘ತಾಜಾ’ ಎಂದೇ ಕರೆಯುತ್ತಿದ್ದರು. ಹೊಗಳುವುದಕ್ಕೂ ಅದೇ ಹೆಸರು, ಬೆನ್ನ ಹಿಂದೆ ಆಡಿಕೊಳ್ಳುವುದಕ್ಕೂ ಅದೇ. ಕೊಳೆತ ಟೊಮೆಟೊ ಕಳಿಸಿದ ಸಗಟು ವ್ಯಾಪಾರಿಯ ಜೊತೆ ಒಂಬತ್ತು ವರ್ಷ ಮಾತು ಬಿಟ್ಟಿದ್ದರು. ಇಂಥವರ ಕಿಡ್ನಿ ಕೈಕೊಟ್ಟಿತು. ಅತ್ತೆ ಇಲ್ಲದ ಮನೆ, ಪಥ್ಯದ ಅಡುಗೆ ನನ್ನ ತಲೆಗೆ ಬಂತು.

ಡಾಕ್ಟರು ತರಕಾರಿ ಬಿಡಿ ಎನ್ನಲಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಏರಿದೆ. ಆಲೂಗಡ್ಡೆ, ಕ್ಯಾರೆಟ್ಟುಗಳನ್ನು ಸಣ್ಣಗೆ ಹೆಚ್ಚಿ ನೆನೆಸಿ, ಬೇರೆ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಿ ಕೊಡಿ ಎಂದರು. ಇನ್ನೂ ಏರಿದರೆ ಎದೆಬಡಿತವೇ ನಿಂತುಹೋಗಬಹುದು ಎಂದೂ ಹೇಳಿದರು. ಅಂದಿನಿಂದ ನಾನು ಮಗಳಿಗೆ ಉಣ್ಣಿಸುವಾಗಲೂ ಒಂದು ಕಿವಿಯನ್ನು ಮಾವನ ಕೋಣೆಯ ಕಡೆಗೇ ಇಟ್ಟಿರುತ್ತಿದ್ದೆ. ಅವರ ಕೆಮ್ಮು ಕೇಳಿಸಿದರೆ ಭಯ, ಕೇಳಿಸದಿದ್ದರೆ ಇನ್ನೂ ಭಯ.

“ಇದು ಅಡುಗೆನಾ, ಬಟ್ಟೆ ಒಗೆಯೋದಾ?” ಎಂದು ತಟ್ಟೆ ತಳ್ಳುತ್ತಿದ್ದರು.

“ಡಾಕ್ಟ್ರು ಹೇಳಿದ್ದು, ಮಾವ.”

“ಕ್ಯಾರೆಟ್ಟು ಮರದಲ್ಲಿ ಬಿಡುತ್ತೆ ಅಂದ್ಕೊಂಡಿರ್ತಾನೆ ಅವನು! ಅವನು ಹೇಳೋದು, ನೀನು ಕೇಳೋದು.”

ಮೂರು ವಾರದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಐದೂವರೆ ಇದ್ದ ಪೊಟ್ಯಾಸಿಯಂ ಆರು ದಾಟಿತ್ತು. ಒಂದು ದಿನ ಆಸ್ಪತ್ರೆಯಲ್ಲೇ ಮಲಗಿಸಿಕೊಂಡರು. ನನ್ನ ಗಂಡ ಎಲ್ಲರೆದುರಿಗೇ, “ನೀನು ಸರಿಯಾಗಿ ನೆನೆಸ್ತಿಲ್ಲ ಬಿಡು,” ಎಂದರು. ಮಾವ ಮಂಚದ ಮೇಲಿಂದ, “ಓದಿರೋಳಪ್ಪ, ಅವಳನ್ನ ಕೇಳೋಕಾಗುತ್ತಾ?” ಎಂದು ಗಾಯಕ್ಕೆ ಉಪ್ಪು ಸವರಿದರು.

ಮನೆಗೆ ಬಂದ ಮಾರನೆಯ ದಿನ. ಬಿಸಿನೀರು ಸುರಿದರೆ ಸಿಂಕಿನ ಪ್ಲಾಸ್ಟಿಕ್ ಪೈಪು ಹಾಳಾಗುತ್ತದೆಂದು ಬಸಿದ ನೀರನ್ನು ದಿನವೂ ಆರಲು ಇಡುತ್ತಿದ್ದೆ. ಅಂದೂ ಇಟ್ಟು ಮಗಳ ಬಟ್ಟೆ ಬದಲಿಸಲು ಹೋದೆ. ತಿರುಗಿ ಬಂದರೆ ಮಾವ ಅದನ್ನು ಲೋಟಕ್ಕೆ ಬಗ್ಗಿಸಿಕೊಂಡು, ಮೆಣಸಿನಪುಡಿ ಉದುರಿಸಿ, ಊದಿ ಊದಿ ಕುಡಿಯುತ್ತಿದ್ದಾರೆ!

“ಮಾವ!”

“ಕಿರುಚ್ಬೇಡ, ಮಗು ಹೆದರುತ್ತೆ. ಸತ್ವ ಎಲ್ಲಾ ಇದ್ರಲ್ಲೇ ಇಳಿದಿರುತ್ತೆ, ನೀನು ಚರಂಡಿಗೆ ಸುರೀತೀಯ. ದಿನಾ ಒಂದು ಲೋಟ ನಾನೇ ಕುಡೀತೀನಿ.”

ದಿನಾ! ಲೋಟ ಕಿತ್ತುಕೊಂಡೆ.

“ಆ ಸತ್ವನೇ ನಿಮ್ಮನ್ನ ಕೊಲ್ತಿರೋದು! ಕುಡಿದಿದ್ದು ನೀವು, ಬೈಸ್ಕೊಂಡಿದ್ದು ನಾನು!”

“ಮೂವತ್ತೆಂಟು ವರ್ಷ ಇದನ್ನೇ ತಿಂದು ಗಟ್ಟಿಯಾಗಿರ್ಲಿಲ್ವಾ?”

“ಆಗ ನಿಮಗೆ ಕಿಡ್ನಿ ಇತ್ತು!”

ಬಾಯಿ ಜಾರಿತ್ತು. ಆದರೂ ಕ್ಷಮಿಸಿ ಎನ್ನಲಿಲ್ಲ. ಅವರು ಪಾತ್ರೆಯನ್ನೇ ನೋಡುತ್ತ ನಿಂತು, “ಚೆಲ್ಲು,” ಎಂದು ಹೊರಟುಹೋದರು.

ಆಮೇಲೆ ನನ್ನ ಜೊತೆ ಮಾತಿಲ್ಲ. ಬೇಕಾದ್ದೆಲ್ಲ ಎರಡು ವರ್ಷದ ಮೊಮ್ಮಗಳ ಮೂಲಕ: “ನಿಮ್ಮಮ್ಮನಿಗೆ ಹೇಳು, ಅನ್ನ ಸಾಕಂತೆ.” ನಾನೂ ಅವಳಿಗೇ ಉತ್ತರ ಕೊಡುತ್ತಿದ್ದೆ. ಪಾತ್ರೆಯನ್ನು ಮಾತ್ರ ಬಿಟ್ಟು ಕದಲುತ್ತಿರಲಿಲ್ಲ.

ಹದಿನೈದು ದಿನದ ಮೇಲಿನ ಪರೀಕ್ಷೆಯಲ್ಲಿ ಐದಕ್ಕೆ ಇಳಿದಿತ್ತು. “ಏನ್ ಮಾಡಿದ್ರಿ ಯಜಮಾನ್ರೇ?” ಎಂದು ಡಾಕ್ಟರು ಕೇಳಿದರೆ, “ನಾನು ಪಥ್ಯದಲ್ಲಿ ಕಟ್ಟುನಿಟ್ಟು,” ಎಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅಂದು ಮಧ್ಯಾಹ್ನ ಅಡುಗೆಮನೆಗೆ ಬಂದು, ನೆನೆಯಲು ಇಟ್ಟ ಕ್ಯಾರೆಟ್ಟಿನ ಹೋಳೊಂದನ್ನು ಎತ್ತಿ ಬೆಳಕಿಗೆ ಹಿಡಿದರು. ಕೊನೆಗೂ ನನ್ನನ್ನೇ ಉದ್ದೇಶಿಸಿ ಬಾಯಿ ಬಿಟ್ಟರು:

“ಇಷ್ಟು ದಪ್ಪ ಹೆಚ್ಚಿದ್ರೆ ಒಳಗಿರೋದು ಇಳಿಯೋದು ಹೇಗೆ? ನನ್ನನ್ನ ಸಾಯಿಸ್ಬೇಕು ಅಂತಿದ್ದೀಯಾ? ಕೊಡಿಲ್ಲಿ ಚಾಕು.”